ನಾಲ್ಕನೇ ಹಾಡಿನ ಉಸಿರು

ಮಾರ್ಚ್ 9, ಭಾನುವಾರ

ನನ್ನ ಗುಬ್ಬೀ,

ಎರಡು ವರ್ಷದಿಂದ ಮಾತು ಬಿಟ್ಟವಳು ಈಗ ಕಾಗದ ಬರೆದಿದ್ದಾಳೆ, ಏನೋ ಆಗಿರಬೇಕು ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ನಿಮ್ಮ ಬ್ಯಾಂಡಿನ ಮೊದಲ ಆಲ್ಬಂ ಕೇಳಿದೆ, ಅಷ್ಟೇ. ಅಷ್ಟೇ ಎಂದು ಬರೆದೆನಲ್ಲ, ಅದು ಸುಳ್ಳು.

ನೀನು ಕಳಿಸಿದ ಡಿಸ್ಕು ಮೂರು ವಾರ ನನ್ನ ಚೀಲದಲ್ಲೇ ಇತ್ತು. ಮುಖಪುಟದಲ್ಲಿ ನೀವು ಏಳು ಜನ ಒಂದೇ ಮೆಟ್ಟಿಲ ಮೇಲೆ ಒತ್ತಿಕೊಂಡು ನಿಂತಿದ್ದೀರಿ. ನೀನು ಊದುವ ಟ್ರಾಂಬೋನಿನ ಉದ್ದ ಕೊಳವೆ ಪಕ್ಕದವನ ಕಿವಿಗೇ ತಾಗುತ್ತಿದೆ. ನಿನ್ನೆ ಕಾರ್ಖಾನೆಯಲ್ಲಿ, ಪರದೆ ಬಟ್ಟೆ ಕತ್ತರಿಸುವ ನಮ್ಮ ಕತ್ತರಿ ಅಕ್ಕ ಅದನ್ನು ಕಂಡು, ಊಟದ ಬಿಡುವಿನಲ್ಲಿ ಸೂಪರ್‌ವೈಸರ್ ಕೋಣೆಯ ಹಳೇ ಪ್ಲೇಯರಿಗೆ ಹಾಕೇಬಿಟ್ಟಳು. "ಇದೇನೇ, ಗಿಟಾರು ತಾಳದ ಮೇಲೆ ಬೀಳ್ತಾನೇ ಇಲ್ಲ, ಸಂದೀಲಿ ಬೀಳ್ತಿದೆ!" ಎಂದಳು. ಈ ಸ್ಕಾ ಪಂಕ್ ಸಂಗೀತ ಅಂದ್ರೆ ಹಾಗೇ ಎಂದು, ಎಲ್ಲ ಬಲ್ಲವಳ ಹಾಗೆ ಹೇಳಿದೆ. ಮೂರನೇ ಹಾಡಿಗೆ ಇಸ್ತ್ರಿ ಅಜ್ಜಿ ಊಟದ ಡಬ್ಬಿ ಮುಚ್ಚಿಟ್ಟು, ಎದ್ದು ಕುಣಿದಳು.

ನಾಲ್ಕನೇ ಹಾಡಿನಲ್ಲಿ ಎಲ್ಲರೂ ನಿಲ್ಲಿಸಿದರು, ನೀನೊಬ್ಬಳೇ ಉಳಿದೆ. ಒಂದೇ ಸ್ವರ. ಅದು ಮುಗಿಯಲೇ ಇಲ್ಲ.

ಚಿಕ್ಕವಳಿದ್ದಾಗ ನಿನಗೆ ಉಬ್ಬಸ ಏರಿದಾಗಲೆಲ್ಲ ಬೆನ್ನ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಾ ಕೂರುತ್ತಿದ್ದೆ. ಒಂದು ಬಂತು, ಇನ್ನೊಂದು ಬರಲಪ್ಪಾ ಎನ್ನುವುದು ಬಿಟ್ಟರೆ ಬೇರೇನೂ ತೋಚುತ್ತಿರಲಿಲ್ಲ. ನಿನ್ನೆಯೂ ಬೆರಳು ತಾನಾಗಿ ಎಣಿಸತೊಡಗಿತು. ಹದಿನೆಂಟರ ತನಕ ನೀನು ಉಸಿರೆಳೆಯಲಿಲ್ಲ. ಜೊತೆಗೇ ಉಸಿರು ಹಿಡಿದ ನನಗೆ ಹನ್ನೊಂದಕ್ಕೇ ಸಾಕಾಗಿತ್ತು. ಗುಬ್ಬೀ, ಇಷ್ಟು ಗಾಳಿಯನ್ನು ಎಲ್ಲಿಟ್ಟುಕೊಂಡಿದ್ದೆಯೇ? ಆಮೇಲೆ ಏಳೂ ಜನ ಒಟ್ಟಿಗೆ ಶುರು ಹಚ್ಚಿದಿರಿ, ಕಿಟಕಿ ಗಾಜು ಅದುರಿತು. ಹೊಲಿಯಲೆಂದು ಮಡಿಲಲ್ಲಿಟ್ಟುಕೊಂಡಿದ್ದ ಪರದೆಯಲ್ಲೇ ಮುಖ ಮುಚ್ಚಿಕೊಂಡೆ.

"ಊದ್ತಿರೋದು ಯಾರು?" ಎಂದು ಅಜ್ಜಿ ಕೇಳಿದಳು. ನನ್ನ ಮಗಳು ಎಂದೆ. ಅವಳಿಗೆ ಉಬ್ಬಸ ಇತ್ತಲ್ವಾ ಎಂದಳು ಕತ್ತರಿ ಅಕ್ಕ. ಇತ್ತು ಎಂದೆ. ಇಷ್ಟು ವರ್ಷದಲ್ಲಿ "ಇದೆ" ಎನ್ನದೆ "ಇತ್ತು" ಎಂದದ್ದು ಅದೇ ಮೊದಲು.

ಕೆಲಸ ಬಿಟ್ಟು ಬ್ಯಾಂಡು ಸೇರುತ್ತೇನೆ ಎಂದಾಗ, ಆ ಟ್ರಾಂಬೋನು ಬೇಕೋ ಈ ಮನೆ ಬೇಕೋ ಎಂದು ಕೂಗಾಡಿದ್ದೆನಲ್ಲ, ಆಗ ನನಗೆ ವಿಪರೀತ ಹೆದರಿಕೆಯಾಗಿತ್ತು. ಹಾಗೆಂದು ಹೇಳಲು ನಾಚಿಕೆಯಾಗಿ ಸಿಟ್ಟು ಮಾಡಿದೆ. ಬಾ. ಬರುವಾಗ ಅದನ್ನೂ ತಾ. ಅಡುಗೆಮನೆಯಲ್ಲೇ ಊದು, ಪಕ್ಕದ ಮನೆಯವರು ಬೇಕಾದರೆ ಕಿವಿ ಮುಚ್ಚಿಕೊಳ್ಳಲಿ.

ನಿನ್ನ
ಅಮ್ಮ

ತಾ.ಕ.: ಶಾಲೆಯ ಬ್ಯಾಂಡಿಗೆ ಸೇರಿಸಿಕೊಳ್ಳಲಿಲ್ಲವೆಂದು ಮೇಷ್ಟ್ರ ಮೇಲೆ ನಿನಗೆ ಇಂದಿಗೂ ಸಿಟ್ಟಿದೆ. ಅವರು ಸೇರಿಸಿಕೊಂಡಿದ್ದರು. ಡಾಕ್ಟರು ಬೇಡವೆಂದಿದ್ದಾರೆ ಎಂದು ಹೇಳಿ, ನಾನೇ ಹೋಗಿ ನಿನ್ನ ಹೆಸರು ತೆಗೆಸಿದೆ. ಡಾಕ್ಟರು ಅಂದಿದ್ದು, "ಊದಲಿ ಬಿಡಮ್ಮ, ಅವಳಿಗೆ ಒಳ್ಳೇದೇ" ಎಂದು.