ಹದಿಮೂರನೇ ಸಾಲು

ಮಾರ್ಚ್ 3

ಮೂವತ್ತು ಪುಟ ಮುಗಿಯಿತು. ಇನ್ನು ಎಪ್ಪತ್ತು. ಇವಳು ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಪ್ರೂಫ್ ಮೇಲೆ ಪೆನ್ಸಿಲ್ ಓಡಿಸುವುದು. ಮದುವೆಯಾದಾಗಿನಿಂದ ಪ್ರೆಸ್ಸಿನಲ್ಲಿ ನಮ್ಮಿಬ್ಬರ ಕೆಲಸ ಇದೇ. ಆದರೆ ಇಂಥ ಪುಸ್ತಕ ಬಂದಿರಲಿಲ್ಲ — ಇಡೀ ಪುಸ್ತಕಕ್ಕೆ ಒಂದೇ ಸಂಖ್ಯೆ. ಲಕ್ಷ ಅಂಕಿ. ಎಲ್ಲವೂ ಕೈಯಲ್ಲಿ ಅಚ್ಚಿನ ಮೊಳೆ ಜೋಡಿಸಿದ್ದು. ಗಣಿತದ ಮೇಷ್ಟ್ರ ಹುಚ್ಚು!

"ಒಂದು ಮತ್ತು ತಾನು, ಇವೆರಡು ಬಿಟ್ರೆ ಬೇರೆ ಯಾವ ಸಂಖ್ಯೆಯಿಂದ್ಲೂ ಇದನ್ನ ಭಾಗಿಸೋಕಾಗಲ್ಲ. ಒಂದಂಕಿ ತಪ್ಪಿದ್ರೂ ಕಥೆ ಮುಗೀತು ಅಂದ್ಕೊಳ್ಳಿ," ಎಂದಿದ್ದಾರೆ.

"ನಿಮ್ಮ ಹಾಗೇ ಹಟಮಾರಿ," ಎಂದಳು ಇವಳು, ನನ್ನ ಕಡೆ ತಿರುಗಿ.

ಮಾರ್ಚ್ 5

ಪುಟ 41. ಎಂಟು ಅಂಕಿ ಸಾಲಾಗಿ ಅಮ್ಮ ಹುಟ್ಟಿದ ತಾರೀಖು — ದಿನ, ತಿಂಗಳು, ಇಸವಿ. ನಕ್ಕೆ. ಇವಳು ಮುಂದಿನ ಎಂಟು ಓದಿದಳು. ಅಮ್ಮ ತೀರಿಕೊಂಡ ದಿನ.

ಕಾಕತಾಳೀಯ ಎಂದುಕೊಂಡೆ. ಪುಟ 52ರಲ್ಲಿ ತೀರಿಹೋದ ಭಾವನ ತಾರೀಖುಗಳು. ಹುಟ್ಟು, ಬೆನ್ನಿಗೇ ಸಾವು…

ಮಾರ್ಚ್ 8

ಪುಟ 67, ಹದಿಮೂರನೇ ಸಾಲು.

"ರೀ, ನಾನೂ ಸಿಕ್ಕೆ!" ಇವಳು ಚಪ್ಪಾಳೆ ತಟ್ಟಿದಳು. ಅವಳು ಹುಟ್ಟಿದ ದಿನ. ಮುಂದಿನ ಎಂಟು — ಇದೇ ವರ್ಷ, ಇದೇ ಮಾರ್ಚ್ 21.

"ಯಾಕ್ರೀ ಮುಖ ಹಾಗೆ ಮಾಡ್ಕೊಂಡ್ರಿ? ಲಕ್ಷ ಅಂಕಿ ಇದ್ರೆ ಏನ್ ಬೇಕಾದ್ರೂ ಸಿಗುತ್ತೆ. ಮುಂದೆ ಓದ್ಲಾ?"

ಓದು ಎಂದೆ. ಅವಳು ಊಟಕ್ಕೆ ಎದ್ದಾಗ ಆ ಇಸವಿಯ ಮೂರನೇ ಅಂಕಿ, 2, ಹೊಡೆದುಹಾಕಿ ಅಂಚಿನಲ್ಲಿ 4 ಬರೆದೆ. ಇಪ್ಪತ್ತು ವರ್ಷ ಮುಂದಕ್ಕೆ. ಅವಸರದಲ್ಲಿ ಗೀಟು ಕೆಳಗೆ ಇಳಿಯಿತು. ಬೇಕೆಂದೇ ಮಾಡಿದ ತಪ್ಪು, ಈ ಕೆಲಸದಲ್ಲಿ ಮೊದಲನೆಯದು. ಮೇಷ್ಟ್ರ ಸಂಖ್ಯೆ ಹಾಳಾದರೆ ಹಾಳಾಗಲಿ, ಇವಳು ಇರಲಿ.

ಮಾರ್ಚ್ 20

ಅಚ್ಚಾಯಿತು. ಹಾಳೆಗಳು ಮೇಷ್ಟ್ರಿಗೆ ಹೋದವು. ಎರಡನೇ ಪ್ರೂಫಿನಲ್ಲಿ ಆ ಪುಟ ಒಂದು ಬಿಟ್ಟು ಉಳಿದದ್ದೆಲ್ಲ ನೋಡಿದ್ದೆ. ಅದನ್ನು ನೋಡಲು ನಾಚಿಕೆ, ಭಯ.

ಇವಳಿಗೆ ಒಂದು ಕೆಮ್ಮೂ ಇಲ್ಲ.

ಮಾರ್ಚ್ 21, ಬೆಳಿಗ್ಗೆ 10

ಮೇಷ್ಟ್ರ ಫೋನ್. ಸಿಕ್ಕಿಬಿದ್ದೆ ಎಂದುಕೊಂಡೆ.

"ನಿಮ್ಮ ಕಣ್ಣಿಗೆ ದೊಡ್ಡ ನಮಸ್ಕಾರ ಕಣ್ರೀ! ನಾನು ಕೊಟ್ಟ ಪ್ರತೀಲೇ ತಪ್ಪಿತ್ತು. ಅಂಕಿಗಳನ್ನೆಲ್ಲ ಕೂಡಿದ್ರೆ ಮೊತ್ತ ಮೂರರಿಂದ ಭಾಗ ಆಗ್ತಿತ್ತು, ಅಂದ್ರೆ ಇಡೀ ಸಂಖ್ಯೆನೂ ಭಾಗ ಆಗ್ತಿತ್ತು. 2 ತೆಗೆದು 4 ಹಾಕಿದ್ದೀರಲ್ಲ, ಅದೇ ಸರಿ. ಈಗ ಅಪ್ಪಟ ಅವಿಭಾಜ್ಯ. ಹೇಗ್ ಹಿಡಿದ್ರಿ?"

ಕುಣಿಯುವುದೊಂದು ಬಾಕಿ. ಇಪ್ಪತ್ತು ವರ್ಷ! ಸಂಖ್ಯೆಯೇ ಒಪ್ಪಿದೆ!

"ಪುಟ 67, ಹದಿನಾಲ್ಕನೇ ಸಾಲು," ಎಂದರು.

ಹದಿನಾಲ್ಕು?

10:20

ಪುಟ ತೆಗೆದೆ. ಪ್ರೂಫಿನಲ್ಲಿ ನಾನು ಹೊಡೆದ 2ರ ನೇರ ಕೆಳಗೂ ಒಂದು 2 ಇತ್ತು. ಉದ್ದವಾದ ಗೀಟು ನೋಡಿ ಮೊಳೆ ಜೋಡಿಸುವವರು ಅದನ್ನೇ ಬದಲಿಸಿದ್ದಾರೆ. ಹದಿಮೂರನೇ ಸಾಲು ಇದ್ದ ಹಾಗೇ ಇದೆ.

ಪಕ್ಕದ ಕೋಣೆಯಲ್ಲಿ ಇವಳು ಮುಂದಿನ ಪುಸ್ತಕ ಓದಿನೋಡುತ್ತಿದ್ದಾಳೆ. ಎಂದಿನಂತೆ ಗಟ್ಟಿಯಾಗಿ. ಎದ್ದು ಹೋಗಬೇಕು. ಆದರೆ ದನಿ ಕೇಳುವವರೆಗೆ ಬರೆಯುತ್ತಿರುತ್ತೇನೆ. ಓದುತ್ತಿದ್ದಾಳೆ. ಓದುತ್ತಿದ್ದಾಳೆ. ಓದು