ತಲೆ ಮೇಲಿನ ಚಾಪೆ

ಜೂನ್ 3, ಸಂಜೆ
ಟಾರೋ ಗೆಡ್ಡೆ ಬೇಯಲು ಇಟ್ಟಿದ್ದೆ. ಸುದ್ದಿ ಬಂತು — ಪೆನಿ ಅಣ್ಣ ಓಡಿಸುತ್ತಿದ್ದ ಬಸ್ಸು ತಿರುವಿನಲ್ಲಿ ಹಳ್ಳಕ್ಕೆ ಬಿದ್ದಿದೆ. ಅಣ್ಣನಿಗೆ ಪ್ರಜ್ಞೆ ಇಲ್ಲ. ಬಸ್ಸಿನಲ್ಲಿದ್ದ ಪಕ್ಕದೂರಿನ ಸಲೋಟೆ ಅಜ್ಜಿ ತೀರಿಕೊಂಡಳು.

ಆಸ್ಪತ್ರೆಯಿಂದ ಬರುವಷ್ಟರಲ್ಲಿ ರೇಡಿಯೋದಲ್ಲಿ ನಮ್ಮ ಎಂಪಿ ಲೆಫಾಗ: "ಡ್ರೈವರ್ ಕುಡಿದಿದ್ದ. ಇಂಥವರನ್ನ ಸುಮ್ನೆ ಬಿಡಲ್ಲ."

ಕುಡಿದಿದ್ದನಾ? ಎಳನೀರು ಬಿಟ್ಟು ಬೇರೇನೂ ಮುಟ್ಟದವನು! ರಕ್ತದ ರಿಪೋರ್ಟೇ ಬಂದಿಲ್ಲ. ಯಾರನ್ನು ಕೇಳಿದ ಈ ಮಹಾನುಭಾವ?

ಜೂನ್ 4, ನಸುಕು
ದೊಡ್ಡಪ್ಪ ಮನೆತನದ ಮುಖ್ಯಸ್ಥ. ಇಫೋಗ ಮಾಡಲೇಬೇಕಂತೆ — ಸತ್ತವರ ಅಂಗಳದಲ್ಲಿ ತಲೆ ಮೇಲೆ ಚಾಪೆ ಹೊದ್ದು, ತಪ್ಪೊಪ್ಪಿಕೊಂಡು ಕೂರುವುದು.

"ರಿಪೋರ್ಟ್ ಬರ್ಲಿ ದೊಡ್ಡಪ್ಪ."

"ಎಂಪಿ ಬಾಯಲ್ಲೇ ಬಂದಿದೆ. ಗೊತ್ತಿಲ್ದೆ ಹೇಳ್ತಾರೇನೇ? ಅಜ್ಜಿ ಮನೆಯವ್ರು ಕತ್ತಿ ಹಿಡ್ಕೊಂಡು ಬರೋಕ್ಮುಂಚೆ ನಾವು ಹೋಗ್ಬೇಕು. ಬಾಯ್ಮುಚ್ಕೊಂಡು ಚಾಪೆ ತೆಗಿ."

ಅಮ್ಮ ನನ್ನ ಮದುವೆಗೆಂದು ನೇಯ್ದ ಚಾಪೆ. ತೆಗೆದೆ.

ಜೂನ್ 4, ಮಧ್ಯಾಹ್ನ
ಬಿಸಿಲೇರುವ ತನಕ ಕೂತೆವು. ಸಲೋಟೆಯ ಮಗ ಈವಾ ಬಂದು ಚಾಪೆ ಎತ್ತಿದ. ಕ್ಷಮಿಸಿದ. ಪದ್ಧತಿಯಂತೆ ಚಾಪೆಯನ್ನು ಅವರಿಗೇ ಬಿಟ್ಟೆವು. ದೊಡ್ಡಪ್ಪ ಅತ್ತರು. ನನಗೆ ಮೈಯೆಲ್ಲ ಉರಿ. ಅಣ್ಣ ಇನ್ನೂ ಕಣ್ಣೇ ಬಿಟ್ಟಿಲ್ಲ, ಅವನು ಕುಡುಕ ಅಂತ ನಾವೇ ಒಪ್ಪಿಕೊಂಡು ಬಂದೆವಲ್ಲ...

ಜೂನ್ 10
ರಕ್ತದಲ್ಲಿ ಹನಿ ಮದ್ಯವಿಲ್ಲ. ಬ್ರೇಕ್ ಪೈಪ್ ಒಡೆದಿತ್ತು. ಬಸ್ಸಿನಲ್ಲಿ ಮದ್ಯದ ವಾಸನೆ ಇತ್ತಂತೆ; ಅದು ಬಂದದ್ದು ಯಾರೋ ಪ್ರಯಾಣಿಕನ ಒಡೆದ ಬಿಯರ್ ಕ್ರೇಟಿನಿಂದ! ಬಸ್ಸಿನಲ್ಲಿದ್ದ ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಲೆಫಾಗ ಮತ್ತೆ ರೇಡಿಯೋದಲ್ಲಿ: "ಆಗ ನನಗೆ ಬಂದ ಮಾಹಿತಿ ಅಷ್ಟೇ." ಥೂ.

ಅಣ್ಣನಿಗೆ ಎಚ್ಚರವಾಗಿದೆ. ಎಲ್ಲ ಹೇಳಿದೆ. "ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?" ಅಂದ. ಗೋಡೆ ಕಡೆ ತಿರುಗಿ ಮಲಗಿದ.

ಬಸ್ ಮಾಲೀಕ ಕೆಲಸ ವಾಪಸ್ ಕೊಡುವುದಿಲ್ಲವಂತೆ. "ತಪ್ಪಿಲ್ದಿದ್ರೆ ಚಾಪೆ ಯಾಕಮ್ಮ ಹೊದ್ಕೊಂಡ್ರಿ?" ಊರೆಲ್ಲ ಅದನ್ನೇ ಕೇಳುತ್ತಿದೆ.

ಜೂನ್ 13
ಈವಾ ಚಾಪೆ ವಾಪಸು ತಂದ. "ಇದು ನಮ್ಮನೇಲಿ ಇರ್ಬಾರ್ದು ತಂಗಿ. ಹೊದ್ಕೋಬೇಕಾದವ್ರು ಬೇರೆ."

ನೇರ ಲೆಫಾಗನ ಮನೆಗೆ ಹೊತ್ತೊಯ್ದೆ. ಗೇಟಿನ ಮೇಲೆ ಎಲ್ಲರಿಗೂ ಕಾಣುವಂತೆ ಹರವಿ ಬಂದೆ. ದೊಡ್ಡಪ್ಪ ಮಾತು ಬಿಟ್ಟಿದ್ದಾರೆ. ಬಿಡಲಿ.

ಜೂನ್ 16, ಭಾನುವಾರ
ಲೆಫಾಗನ ಕಾರು ನಮ್ಮ ಅಂಗಳಕ್ಕೆ ಬಂದಿದೆ. ಹಿಂದೆ ರೇಡಿಯೋದವರು. ಚಾಪೆ ತಂದಿದ್ದಾನೆ — ಮಡಿಸಿ, ಕಂಕುಳಲ್ಲಿ! ತಲೆ ಮೇಲೆ ಕೊಡೆ. ದೊಡ್ಡಪ್ಪ "ಬನ್ನಿ, ಬನ್ನಿ, ಒಳಗ್ಬನ್ನಿ" ಎಂದು ಎದ್ದಿದ್ದಾರೆ. ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದ ಅಣ್ಣ ಊರುಗೋಲಿಗೆ ತಡಕಾಡುತ್ತಿದ್ದಾನೆ. ಒಳಗೆ ಯಾಕೆ? ಅಂಗಳದಲ್ಲೇ ಕೂರಲಿ, ನಾವು ಕೂತ ಹಾಗೆ. ಮೊದಲು ಹೋಗಿ ಆ ಕೊಡೆ ಕಿತ್ತುಕೊಳ್ಳಬೇಕು —