ಬೆಂಕಿಯ ಪಕ್ಕದ ಸಾಲು

ಫೆಬ್ರವರಿ ೨೭, ೧೯೫೦. ಬೆಳಿಗ್ಗೆ ೮
ಸಭೆಯ ಅಗ್ಗಿಷ್ಟಿಕೆಗೆ ಬೆಂಕಿ ಹಾಕಿದೆ. ಅದರ ಪಕ್ಕದ ಸಾಲು ಸರ್ಕಾರದ್ದು, ಎದುರಿನವರು ನಡುಗಲಿ. ನ್ಯೂಫೌಂಡ್‌ಲ್ಯಾಂಡ್ ತನ್ನ ಪಾಡಿಗೆ ತಾನೊಂದು ದೇಶವಾಗಿದ್ದಾಗಲೂ ಹೀಗೇ. ಆಗ ಕೂರುತ್ತಿದ್ದವರಿಗೆ ಓದು ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಹೋದ ವರ್ಷ ಕೆನಡಾದ ಸೆರಗು ಹಿಡಿದ ಮೇಲಿನ ಮೊದಲ ಶಾಸನಸಭೆಗೆ ನಾನು ಬಾಗಿಲು ಕಾಯುವವನು... ಹಣೆಬರಹ.

ಮಾರ್ಚ್ ೨
ನಮ್ಮೂರು ಗ್ರೇ ಕೋವ್‌ನ ಮೆಂಬರ್ ಈಲೈ ಪಾರ್ಡಿ. ಕಾಡ್ ಮೀನು ಸೀಳುತ್ತಿದ್ದವನು, ಈಗ ಬೆಂಕಿಯ ಪಕ್ಕದ ಸಾಲಿನಲ್ಲಿ. ಹೆಬ್ಬೆಟ್ಟು. ಇಲ್ಲಿಯವರೆಗೆ ಬಾಯಿ ಬಿಟ್ಟಿದ್ದು ಆಕಳಿಸಲು ಮಾತ್ರ. ಇವತ್ತು ಮಡಿಸಿದ ಹಾಳೆ ಹಿಡಿದು ಬಂದ. ಊರಿನವರಿಗೆಲ್ಲ ನಾನು ಮಾವ.
"ಮಾವ, ಇದನ್ನೊಂದ್ಸಲ ನೋಡ್ತೀರಾ? ಯಾರಿಗೂ ಹೇಳ್ಬೇಡಿ... ನಂಗೆ ಓದೋಕ್ಬರಲ್ಲ."
"ಕೆನಡಾಗೆ ಸೇರ್ಬೇಕು ಅಂತ ಕೂಗೋಕೆ ಬರ್ತಿತ್ತಲ್ಲಪ್ಪ?"
ನಕ್ಕ. ಮಾನ ಇದ್ದರಲ್ಲವೇ. ಕೆನಡಾದ ಒಟ್ಟಾವಾ ಸರ್ಕಾರಕ್ಕೆ ಇನ್ನೊಂದು ಸ್ತೋತ್ರ ಇರಬೇಕು — ಬಿಚ್ಚಲೂ ಇಲ್ಲ.

ಮಾರ್ಚ್ ೩. ಬೆಳಿಗ್ಗೆ
ಕಟ್ಟಿಗೆ ಹಸಿ. ಪಾರ್ಡಿಯ ಹಾಳೆ ಚೆನ್ನಾಗಿ ಉರಿಯಿತು. ಆ ಸಾಲಿನಿಂದ ನಾಡಿಗೆ ಆದ ಮೊದಲ ಉಪಕಾರ.

ಮಾರ್ಚ್ ೧೪
ಅರ್ಜಿಗಳನ್ನು ಕರೆದಾಗಲೆಲ್ಲ ಪಾರ್ಡಿ ನನ್ನ ಕಡೆ ನೋಡುತ್ತಾನೆ.
"ಓದಿದ್ರಾ ಮಾವ?"
"ಓದ್ತಿದೀನಿ. ಏನು ಗಂಟು ಹೋಗ್ತಿದೆ?"

ಮಾರ್ಚ್ ೨೯
ಸಮುದ್ರದ ಮಂಜುಗಡ್ಡೆ ಒಡೆದು ಟಪಾಲು ಬಂತು. ಊರಿಂದ ತಂಗಿ ಡ್ರುಸಿಲಾ ಬರೆಸಿದ್ದಾಳೆ.
'ಅಣ್ಣಾ, ನನ್ನ ಮಗಳಿಗೆ ಮೇ ತಿಂಗಳಲ್ಲಿ ಹೆರಿಗೆ. ಹಿಂದಿನ ಎರಡೂ ಕೂಸು ಉಳೀಲಿಲ್ಲ, ನಿಂಗೇ ಗೊತ್ತು. ಊರಿಗೊಬ್ಬ ನರ್ಸ್ ಬೇಕು ಅಂತ ನಲವತ್ತೊಂದು ಮನೆಯವರು ಗುರುತು ಹಾಕಿ, ಅರ್ಜಿ ಈಲೈ ಕೈಲಿ ಕೊಟ್ಟಿದೀವಿ. ಬಾಗಿಲಲ್ಲಿ ನೀನಿದೀಯಲ್ಲ, ಅದೇ ಧೈರ್ಯ.'
ನಾಳೆ ಸೆಷನ್ ಮುಗಿಯುತ್ತದೆ. ಪಾರ್ಡಿಗೆ ಹೇಳಲು ಎರಡು ಸಲ ಹೋದೆ. ಎರಡು ಸಲವೂ ಹವಾಮಾನದ ಮಾತಾಡಿ ಬಂದೆ.
ಇಷ್ಟು ದಿನ ಆ ಸಾಲಿನವರನ್ನು ಕತ್ತೆ ಅಂದೆ. ಕತ್ತೆ ಕಾಗದ ತಿನ್ನುತ್ತದೆ. ಸುಡುವುದಿಲ್ಲ.

ಮಾರ್ಚ್ ೩೦. ಸಂಜೆ
ಪಾರ್ಡಿ ಎದ್ದು ನಿಂತ. ಕೈ ಖಾಲಿ. ಊರಿನ ದೋಣಿ ಕಟ್ಟುವ ದಕ್ಕೆಯ ಕಡೆಯಿಂದ ಮನೆ ಮನೆಯಾಗಿ ನಲವತ್ತೊಂದು ಹೆಸರನ್ನೂ ಬಾಯಲ್ಲೇ ಹೇಳಿದ. ಒಂಬತ್ತನೆಯದು ನನ್ನ ತಂಗಿ. ಯಾರೂ ಆಕಳಿಸಲಿಲ್ಲ.
"ಕಾಗದ ಇಲ್ದೆ ಅರ್ಜಿ ತಗೊಳ್ಳೋಕಾಗಲ್ಲ," ಅಂದರು ಸ್ಪೀಕರ್. "ಎಲ್ಲಿದೆ?"
"ಬಾಗಿಲಲ್ಲಿರೋ ಮಾವನ ಹತ್ರ ಇದೆ ಸ್ವಾಮಿ. ಓದಿದೋರು, ಜೋಪಾನವಾಗಿಟ್ಟಿರ್ತಾರೆ."
ಇಡೀ ಸಭೆ ನನ್ನ ಕಡೆ ತಿರುಗಿತು. ಬೆಳಿಗ್ಗೆ ಹಾಕಿದ ಬೆಂಕಿ ಇನ್ನೂ ಉರಿಯುತ್ತಿತ್ತು. ನಾನು ಎದ್ದು ಅದರ ಕಡೆ ಕೈ ತೋರಿಸಿದೆ.